ಆ ಕಾಲದ ದಾರ

ಫೆಬ್ರವರಿ ೯, ಭಾನುವಾರ

ಈ ಪುಸ್ತಕ ಮಗಳು ಕೊಟ್ಟದ್ದು. "ಅಮ್ಮಾ, ತಲೇಲಿ ಏನೇನು ಓಡುತ್ತೋ ಅದನ್ನೆಲ್ಲ ಇದರಲ್ಲಿ ಇಳಿಸು. ನಮ್ಮ ತಲೆ ತಿನ್ನೋದು ಸ್ವಲ್ಪ ಕಮ್ಮಿಯಾಗ್ಲಿ" ಅಂದಳು. ಆರನೇ ತರಗತಿಗೆ ಶಾಲೆ ಬಿಟ್ಟು, ನಡುವೆ ಮತ್ತೆ ಸೇರಿ, ಮತ್ತೆ ಬಿಟ್ಟವಳು ನಾನು. ನನಗೆಂಥ ದಿನಚರಿ? ಆದರೂ ಹಾಳೆ ನುಣುಪಾಗಿದೆ. ಖಾಲಿ ಬಿಟ್ಟರೆ ದಂಡ.

ಇವರ ಬಲಭುಜ ಹಿಡಿದುಕೊಂಡಿದೆ. ಕೈ ಎದೆಯ ಮಟ್ಟಕ್ಕೂ ಏಳುವುದಿಲ್ಲ. ಎಳೆಯುವ ಕೆಲಸ ಮಾಡಲೇಕೂಡದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದಾರೆ. ಕುದುರೆಯ ಜೀನು ಹೊಲಿಯುವವರಿಗೆ ಎಳೆಯುವುದು ಬಿಟ್ಟರೆ ಬೇರೆ ಕೆಲಸ ಎಲ್ಲಿದೆ? ಅದೂ ಈ ವರ್ಷವೇ ಆಗಬೇಕಿತ್ತೆ, ಕುದುರೆ ಪಡೆಯವರು ನಮಗೆ ಕೆಲಸ ಒಪ್ಪಿಸಿದ ವರ್ಷವೇ?

ನಮ್ಮೂರಿನ ಕುದುರೆ ಪಡೆ ಅಂದರೆ ಇಪ್ಪತ್ತನಾಲ್ಕು ಜನ. ವಾರವಿಡೀ ಒಬ್ಬ ಬೇಕರಿಯಲ್ಲಿ, ಒಬ್ಬ ಅಂಚೆ ಕಚೇರಿಯಲ್ಲಿ, ಇನ್ನೊಬ್ಬ ಎಲ್ಲೋ ಬ್ಯಾಂಕಿನಲ್ಲಿ ಇರುತ್ತಾರೆ. ಭಾನುವಾರ ಬಂತೆಂದರೆ ಇನ್ನೂರು ವರ್ಷ ಹಿಂದಿನ ಸೈನಿಕರಾಗಿಬಿಡುತ್ತಾರೆ. ಪ್ರತಿ ಮೇ ತಿಂಗಳು ಊರಾಚೆಯ ಇಳಿಜಾರಿನಲ್ಲಿ ಹಳೇ ಯುದ್ಧವನ್ನು ಮತ್ತೆ ಆಡಿ ತೋರಿಸುತ್ತಾರೆ. ಉಣ್ಣೆಯ ಕೋಟು, ಹಿತ್ತಾಳೆ ಗುಂಡಿ, ಕತ್ತಿಯ ಒರೆ, ಜೀನು ಎಲ್ಲವೂ ಆ ಕಾಲದ ಹಾಗೆಯೇ ಇರಬೇಕು. ಪಡೆಯ ದಳಪತಿ ಹಲ್ಲಿನ ಡಾಕ್ಟರು. ನಮ್ಮ ನಾದಿನಿ ಅವರನ್ನು ಹಲ್ಲುದಳಪತಿ ಅಂತಲೇ ಕರೆಯುವುದು. ನಮ್ಮ ಮಗಳೂ ಆ ಇಪ್ಪತ್ತನಾಲ್ಕರಲ್ಲಿ ಒಬ್ಬಳು. ಅವಳು ಲಾಯದಲ್ಲಿ ಸವಾರಿ ಕಲಿಸುವವಳು, ಅವಳಿಗಿಂತ ಚೆನ್ನಾಗಿ ಕುದುರೆ ಹತ್ತುವವರು ಆ ಪಡೆಯಲ್ಲಿ ಇಲ್ಲ. ಅಷ್ಟು ಗೊತ್ತಿದ್ದೂ ನಾನು ಒಂದು ವರ್ಷವೂ ಹೋಗಿ ನೋಡಿದವಳಲ್ಲ. ಮನೆಯಲ್ಲಿ ಕೂತು ಬಾಗಿಲಿನ ಕಡೆ ಕಿವಿ ಇಟ್ಟಿರುತ್ತೇನೆ.

ಇವತ್ತು ಊಟದ ಮಧ್ಯೆ ಇವರು "ಹೊಟ್ಟೆಪಟ್ಟಿ ಎಲ್ಲ ನೀನೇ ಹೊಲಿ" ಅಂದರು, ಉಪ್ಪು ಕೊಡು ಅನ್ನುವ ಹಾಗೆ. ಹೊಟ್ಟೆಪಟ್ಟಿ ಅಂದರೆ ಕುದುರೆಯ ಹೊಟ್ಟೆಯಡಿಯಿಂದ ಬಂದು ಜೀನನ್ನು ಬಿಗಿಯಾಗಿ ಹಿಡಿಯುವ ಚರ್ಮದ ಪಟ್ಟಿ. ಅದರ ಎರಡೂ ತುದಿಯನ್ನು ಬಕಲ್ಲಿನ ಸುತ್ತ ಮಡಿಚಿ ಕೈಯಲ್ಲಿ ಹೊಲಿಯಬೇಕು. ಉಳಿದದ್ದೆಲ್ಲ ಶೋಕಿ. ಇದೊಂದು ಬಿಚ್ಚಿಕೊಂಡರೆ ಜೀನು ತಿರುಗಿ ಸವಾರ ಕುದುರೆಯ ಕಾಲಡಿಗೆ ಬರುತ್ತಾನೆ. ಇಷ್ಟು ವರ್ಷ ನಾನು ಒರೆ, ಚೀಲ, ಸೊಂಟಪಟ್ಟಿ ಹೊಲಿದವಳು. ಅವು ಹರಿದರೆ ಯಾರೂ ಸಾಯುವುದಿಲ್ಲ.

"ನನ್ನ ಕೈಲಾಗುತ್ತೇನ್ರೀ?" ಅಂದೆ. "ನಾನು ಪಕ್ಕದಲ್ಲೇ ಇರ್ತೀನಲ್ಲ" ಅಂದರು.

ಹಿತ್ತಲ ಬಾಗಿಲ ಚಿಲಕ ಮೂರು ಸಲ ನೋಡಿ ಬಂದೆ. ಹಾಕಿತ್ತು.

ಫೆಬ್ರವರಿ ೧೭, ಸೋಮವಾರ

ಇವರು ರೈಲಿನಲ್ಲಿ ಹೋಗಿ ಒಂದು ಮರದ ಪೆಟ್ಟಿಗೆ ತಂದಿದ್ದಾರೆ. ಯಾವುದೋ ನೂಲಿನ ಗಿರಣಿ, ನಮ್ಮ ಮಾವನವರು ಹುಟ್ಟುವ ಮೊದಲೇ ಮುಚ್ಚಿದ್ದಂತೆ. ಅದರ ಗೋದಾಮು ಈಗ ಕೆಡವುತ್ತಿದ್ದಾರೆ. ಪೆಟ್ಟಿಗೆಯ ತುಂಬ ಅಗಸೆನಾರಿನ ದಾರದ ಉಂಡೆಗಳು, ಒಂದೊಂದಕ್ಕೂ ನೀಲಿ ಕಾಗದ ಸುತ್ತಿದೆ. ಬಣ್ಣ ಜೇನಿನದು. ಎಡಗೈಯಲ್ಲಿ ಒಂದನ್ನು ಎತ್ತಿ ಮೂಸಿ ನೋಡಿ ಇವರು ಕಣ್ಣು ಮುಚ್ಚಿಕೊಂಡರು.

"ನೋಡೇ, ಇದು ಆ ಕಾಲದ ದಾರ. ಹೀಗೆ ನೂಲೋರು ಈಗ ಒಬ್ರೂ ಇಲ್ಲ."

"ಅತ್ತಿಗೆ, ನಮ್ಮಣ್ಣ ಮದುವೆ ದಿನ ನಿಮ್ಮನ್ನೂ ಹೀಗೆ ನೋಡಿರ್ಲಿಲ್ಲ ಬಿಡಿ" ಅಂದಳು ನಾದಿನಿ. ಅವಳು ಕೋಟುಗಳನ್ನು ಹೊಲಿಯುವವಳು, ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುತ್ತಾಳೆ. ಹಾಗೆ ಕಚ್ಚಿಕೊಂಡೇ ಇಷ್ಟು ಮಾತಾಡುತ್ತಾಳೆ. ನುಂಗಿಬಿಟ್ಟರೆ ಅಂತ ನನಗೆ ದಿನಾ ಭಯ.

"ಹಳೇದಂದ್ರೆ ಗಟ್ಟಿ ಇರುತ್ತೇನ್ರೀ?" ಎಂದು ಕೇಳಿದೆ.

"ಗಟ್ಟಿ ಇರೋದು ಹಳೇದೇ ಕಣೇ."

ಅವರಿಗೆ ಗೊತ್ತಿರುತ್ತದೆ. ಭುಜ ಹೋದಮೇಲೆ ಇವರ ಮುಖದಲ್ಲಿ ನಗು ನೋಡಿದ್ದು ಇವತ್ತೇ.

ಮಾರ್ಚ್ ೪, ಮಂಗಳವಾರ

ಮೂರು ಪಟ್ಟಿ ಮುಗಿಯಿತು. ಉಗುರಿನ ಸಂದಿಯಲ್ಲೆಲ್ಲ ಮೇಣ.

ಒಂದೇ ದಾರಕ್ಕೆ ಎರಡು ಸೂಜಿ. ತೂತಿನ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ದಾಟಿಸಿ ಎರಡೂ ಕೈಯನ್ನು ಅಗಲಿಸಿ ಎಳೆಯಬೇಕು. ಇವರು ಎಳೆದರೆ ಚರ್ಮ ಉಸಿರು ಬಿಟ್ಟಂಥ ಒಂದು ಸದ್ದು ಬರುತ್ತಿತ್ತು. ನನಗೆ ಅದು ಬರುವುದಿಲ್ಲ. ಜೋರಾಗಿ ಎಳೆದರೆ ದಾರವೇ ತುಂಡಾಗುತ್ತದೆ. ಇವತ್ತು ಎರಡು ಸಲ ಆಯಿತು. "ಒರಟು ಕೈ ನಿಂದು. ಮೇಣ ಇನ್ನಷ್ಟು ತೀಡು, ಮೆಲ್ಲಗೆ ಎಳಿ" ಅಂದರು. ಮೇಣ ತೀಡಿ ಮೆಲ್ಲಗೆ ಎಳೆದೆ. ಆಗ ತುಂಡಾಗಲಿಲ್ಲ.

ಪೇಟೆಗೆ ಹೊರಟವಳು ಇಸ್ತ್ರಿಪೆಟ್ಟಿಗೆ ಆರಿಸಿದ್ದೇನೆಯೇ ಎಂದು ಅರ್ಧ ದಾರಿಯಿಂದ ವಾಪಸು ಬಂದೆ. ಆರಿಸಿದ್ದೆ.

ಮಾರ್ಚ್ ೨೩, ಭಾನುವಾರ

ಪರೀಕ್ಷೆ ಆಯಿತು. ಇವತ್ತು ಭೂತಗನ್ನಡಿ ಬಂದಿದ್ದರು.

ಅವರಿಗೆ ಬೇರೆ ಹೆಸರು ಇರಬೇಕು, ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ವಸ್ತುಸಂಗ್ರಹಾಲಯದಲ್ಲಿದ್ದು ನಿವೃತ್ತಿಯಾದವರು. ಪಡೆಯವರು ತೊಡುವ ಪ್ರತಿಯೊಂದನ್ನೂ ಕಣ್ಣಿಗೆ ಗಾಜು ಒತ್ತಿಕೊಂಡು ನೋಡುತ್ತಾರೆ. ಹೋದ ವರ್ಷ ಬೇರೆ ಯಾರೋ ಹೊಲಿದ ಸೊಂಟಪಟ್ಟಿಗಳಲ್ಲಿ ಯಂತ್ರದ ಹೊಲಿಗೆ ಕಂಡು, ಬಯಲಿನಲ್ಲೇ ಎಲ್ಲರ ಸೊಂಟದಿಂದ ಬಿಚ್ಚಿಸಿದರಂತೆ. ಅರ್ಧ ಸೈನ್ಯ ಪ್ಯಾಂಟು ಹಿಡಿದುಕೊಂಡು ಯುದ್ಧ ಮಾಡಿತಂತೆ.

ನಾದಿನಿಯ ಒಂದು ಕೋಟಿನ ಒಳಗಡೆ, ಅಸ್ತರಿನ ಅಂಚಿನಲ್ಲಿ ಒಂದು ಗೇಣು ಯಂತ್ರದ ಹೊಲಿಗೆ ಸಿಕ್ಕಿತು.

"ದೂರದಿಂದ ಯಾರಿಗೆ ಕಾಣುತ್ತೆ ಸಾರ್?" ಅಂದಳು ಇವಳು.

"ದೂರದಿಂದ ಕಾಣಲ್ಲ ಅನ್ನೋದು ಕಳ್ಳರ ಮಾತಮ್ಮ. ಬಿಚ್ಚಿ."

ಆಮೇಲೆ ನನ್ನ ಹೊಟ್ಟೆಪಟ್ಟಿಗಳು. ಒಂದನ್ನು ಕಿಟಕಿಗೆ ಹಿಡಿದರು, ಗಾಜನ್ನು ಹತ್ತಿರ ತಂದರು, ಉಸಿರು ಬಿಗಿಹಿಡಿದರು. ದಾರದ ಮೇಲೆ ಬೆರಳ ತುದಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಆಡಿಸಿದರು. "ಇಂಥ ದಾರಾನ ನಾನು ಗಾಜಿನ ಪೆಟ್ಟಿಗೆ ಒಳಗೆ ಮಾತ್ರ ನೋಡಿದ್ದೆ" ಅಂದರು. ಇವರು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಇಪ್ಪತ್ತನಾಲ್ಕೂ ಪಾಸಾದವು.

ಕೊನೆಯಲ್ಲಿ ಮಗಳ ವಿಷಯ ಬಂತು. ಆ ಕಾಲದ ಕುದುರೆ ಪಡೆಯಲ್ಲಿ ಹೆಂಗಸರಿರಲಿಲ್ಲ, ಹಾಗಾಗಿ ಮೀಸೆ ಕಡ್ಡಾಯ. "ಮೀಸೆ ಕುದುರೆ ಬಾಲದ ಕೂದಲಿಂದು ಆಗಬಾರದು, ದಪ್ಪ ಕಾಣುತ್ತೆ" ಅಂತ ತಾಕೀತು ಮಾಡಿ ಹೋದರು. "ನಿಮ್ಮ ತಲೆಯಿಂದ ಕೊಡಿ ಅನ್ನೋಣ ಅಂದ್ರೆ ಅಲ್ಲೂ ಏನಿಲ್ಲ" ಅಂದಳು ನಾದಿನಿ, ಬಾಗಿಲು ಹಾಕಿದ ಮೇಲೆ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ನಕ್ಕದ್ದಕ್ಕೆ ಏನಾದರೂ ಕೆಟ್ಟದ್ದಾಗುತ್ತದೇನೋ ಎಂದು ಆಮೇಲೆ ಅನಿಸಿತು.

ಏಪ್ರಿಲ್ ೧೩, ಭಾನುವಾರ

ಆಯಿತು.

ಲಾಯದಲ್ಲಿ ಅಭ್ಯಾಸ ನಡೆಯುತ್ತಿತ್ತು. ಓಟವೂ ಅಲ್ಲ, ಬರೀ ಜಗ್ಗುನಡಿಗೆ. ಬೇಕರಿಯವನ ಜೀನು ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿತಂತೆ. ಅವನು ಮೆತ್ತಗೆ, ಹಿಟ್ಟಿನ ಮೂಟೆ ಇಳಿಸಿದ ಹಾಗೆ, ಹುಲ್ಲಿನ ಮೇಲೆ ಕೂತನಂತೆ. ಕುದುರೆ ಸಾಧು, ನಿಂತುಬಿಟ್ಟಿತು. ಎಲ್ಲರೂ ನಕ್ಕರಂತೆ, ಅವನೂ ನಕ್ಕನಂತೆ. ಮಗಳು ಪಟ್ಟಿ ತಂದು ಮೇಜಿನ ಮೇಲಿಟ್ಟಳು. ಒಂದು ತುದಿಯ ಹೊಲಿಗೆ ಪೂರ್ತಿ ಬಿಚ್ಚಿಕೊಂಡಿದೆ.

ನನ್ನ ಹೊಲಿಗೆ.

"ಎಳೆದದ್ದು ಸಾಲದು. ಕೈ ನಡುಗಿದೆ" ಅಂದರು ಇವರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅದೇ ದಾರವನ್ನು ಎರಡು ಎಳೆ ಮಾಡಿ ಮತ್ತೆ ಹೊಲಿದುಕೊಟ್ಟೆ.

ಕುದುರೆ ಸಾಧುವಾಗಿರದಿದ್ದರೆ? ಮೇ ತಿಂಗಳ ಕದನದ ದಿನ ಇಳಿಜಾರಿನಲ್ಲಿ ಅವರು ನಡೆಯುವುದಿಲ್ಲ, ಕತ್ತಿ ಹಿರಿದು ನಾಗಾಲೋಟದಲ್ಲಿ ಇಳಿಯುತ್ತಾರೆ. ಹಿಂದೆ ಇಪ್ಪತ್ತು ಕುದುರೆ ಬರುತ್ತಿರುತ್ತವೆ.

ಏಪ್ರಿಲ್ ೧೬, ಬುಧವಾರ

ಮಗಳ ಪಟ್ಟಿಯನ್ನು ತೊಳೆದುಕೊಡುತ್ತೇನೆ ಎಂದು ಸುಳ್ಳು ಹೇಳಿ ಮನೆಗೆ ತರಿಸಿದೆ. ಇವರು ಆಸ್ಪತ್ರೆಗೆ ಹೋಗಿದ್ದರು. ಪೇಟೆಯಲ್ಲಿ ಸಿಗುವ ಹೊಸ ದಾರ, ಹಾಯಿಬಟ್ಟೆ ಹೊಲಿಯಲು ತರುವಂಥದ್ದು, ಅದನ್ನು ಚಹಾ ಡಿಕಾಕ್ಷನ್ನಿನಲ್ಲಿ ನೆನೆಸಿ ಒಣಗಿಸಿದೆ. ಬಣ್ಣ ಹೆಚ್ಚುಕಡಿಮೆ ಕೂತಿತು. ಎರಡೂ ತುದಿ ಬಿಚ್ಚಿ ಹೊಸದಾಗಿ ಹೊಲಿದೆ. ಮೈಯ ಬಲವೆಲ್ಲ ಹಾಕಿ ಎಳೆದೆ. ತುಂಡಾಗಲಿಲ್ಲ.

ಚರ್ಮ ಉಸಿರು ಬಿಟ್ಟ ಸದ್ದು ಬಂತು. ಇವರು ಎಳೆದರೆ ಬರುತ್ತಿತ್ತಲ್ಲ, ಅದೇ.

ಯಾರಿಗೂ ಹೇಳಲಿಲ್ಲ. ಭೂತಗನ್ನಡಿಗೆ ಗೊತ್ತಾದರೆ ನಮ್ಮ ಕೆಲಸವೇ ಹೋಗುತ್ತದೆ. ಆದರೂ ಎಷ್ಟೋ ದಿನದ ಮೇಲೆ ಇವತ್ತು ಊಟ ಸೇರಿತು.

ಏಪ್ರಿಲ್ ೨೦, ಭಾನುವಾರ

ಮಗಳಿಗೆ ಗೊತ್ತಾಗಿಬಿಟ್ಟಿತು. ಅವಳೇನು ಗಾಜು ಇಟ್ಟು ನೋಡಲಿಲ್ಲ. ಜೀನು ಬಿಗಿಯುವಾಗ ಕೈಗೆ ತಿಳಿಯಿತಂತೆ, ಇದು ಬೇರೆ ಥರ ಹಿಡಿಯುತ್ತಿದೆ ಎಂದು. ಪಾತ್ರೆ ಒರೆಸುತ್ತಾ ನಿಂತಿದ್ದೆ, ಪಕ್ಕಕ್ಕೆ ಬಂದು ನಿಂತಳು.

"ಅಮ್ಮಾ, ನಂದೊಂದೇ ಯಾಕೆ ಮತ್ತೆ ಹೊಲಿದೆ?"

"ನನಗೆ ಸುಮ್ನೆ ಭಯ ಕಣೇ. ಗೊತ್ತಲ್ಲ ನಿನಗೆ."

"ಸುಮ್ನೆ ಭಯ ಆದ್ರೆ ಸರಿ. ಸುಮ್ನೆ ಅಲ್ಲದೆ ಇದ್ರೆ? ಮಿಕ್ಕವರನ್ನೂ ಯಾರೋ ಹೆತ್ತಿರ್ತಾರೆ ತಾನೆ?"

ಇಷ್ಟು ಹೇಳಿ ಒಂದು ಲೋಟ ನೀರು ಕುಡಿದು ಹೊರಟುಹೋದಳು. ನಾನು ಒಂದೇ ತಟ್ಟೆಯನ್ನು ಎಷ್ಟು ಹೊತ್ತು ಒರೆಸಿದೆನೋ.

ಏಪ್ರಿಲ್ ೨೪, ಗುರುವಾರ

ಬೇಕರಿಯವನ ಪಟ್ಟಿಯಿಂದ ಬಿದ್ದಿದ್ದ ದಾರದ ಚೂರುಗಳನ್ನು ಎಸೆದಿರಲಿಲ್ಲ. ಇವತ್ತು ಅಂಗೈಯಲ್ಲಿ ಹಾಕಿಕೊಂಡು ನೋಡಿದೆ. ನನ್ನ ಹೊಲಿಗೆ ಸಡಿಲವಾಗಿದ್ದರೆ ದಾರ ಉದ್ದುದ್ದವಾಗಿ ಜಾರಿ ಬರಬೇಕಿತ್ತು. ಇವೆಲ್ಲ ತೂತಿನ ಬಾಯಲ್ಲೇ ಕತ್ತರಿಸಿದಂಥ ತುಂಡುಗಳು, ಅಕ್ಕಿಕಾಳಿನಷ್ಟಷ್ಟೇ. ಬೆರಳಲ್ಲಿ ಉಜ್ಜಿದರೆ ಪುಡಿ.

ಪೆಟ್ಟಿಗೆಯಿಂದ ಹೊಸ ಉಂಡೆ ತೆಗೆದು, ಮೇಣ ಹಚ್ಚದೆ ಒಂದು ಮೊಳ ಎಳೆದೆ. ಒಣಹುಲ್ಲು ಮುರಿದ ಹಾಗೆ ಮುರಿಯಿತು. ಮೇಣ ತೀಡಿದ್ದು ಸ್ವಲ್ಪ ತಡೆಯುತ್ತದೆ, ಅಷ್ಟೇ. ಕುದುರೆಯ ಬೆವರು ಕುಡಿದು, ಲಾಯದ ಉಗ್ರಾಣದ ತಗಡಿನ ಸೂರಿನ ಕೆಳಗೆ ಒಣಗಿ, ಮತ್ತೆ ನೆನೆದು ಒಣಗಿದರೆ ಮೇಣ ಎಷ್ಟು ದಿನ ಕಾಯುತ್ತದೆ? ಇವರ ಕೈ ಸರಿಯಿದ್ದಿದ್ದರೆ ಮೊದಲ ಎಳೆತಕ್ಕೇ ಗೊತ್ತಾಗುತ್ತಿತ್ತು. ಇವರು ಈ ದಾರವನ್ನು ಮೂಸಿದ್ದಾರೆ, ಸವರಿದ್ದಾರೆ. ಎಳೆದೇ ಇಲ್ಲ.

ಹೇಳಿದೆ.

"ಶುರು ಮಾಡಿದ್ಯಾ" ಅಂದರು. "ಪಕ್ಕದ ಮನೆ ಹಬೆ ನೋಡಿ ಬೆಂಕಿ ಅಂತ ಬೆಂಕಿ ಆರಿಸೋ ಬಂಡಿ ಕರೆಸಿದವಳು ನೀನು. ನನಗೆ ಕೆಮ್ಮು ಬಂದಾಗ ನಿಮ್ಮಣ್ಣನಿಗೆ ತಂತಿ ಕಳಿಸೋಕೆ ಹೊರಟವಳು ನೀನು."

"ಒಂದ್ಸಲ ನೀವೇ ಎಳೆದು ನೋಡಿ."

"ಎಳೀಲಾ? ಯಾವ ಕೈಯಲ್ಲಿ ಎಳೀಲಿ?"

ಇವರು ಉಂಡೆಗೆ ನೀಲಿ ಕಾಗದವನ್ನು ಒಂದೇ ಕೈಯಲ್ಲಿ ಸುತ್ತಲು ಒದ್ದಾಡುತ್ತಿದ್ದರು. ಕಾಗದ ಬಿಚ್ಚಿ ಬಿಚ್ಚಿ ಬರುತ್ತಿತ್ತು.

"ಕೈ ಹೋಯ್ತು" ಅಂದರು. "ಈಗ ಕಣ್ಣೂ ಹೋಗಿದೆ ಅಂತೀಯಾ?"

ಏಪ್ರಿಲ್ ೨೮, ಸೋಮವಾರ

ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ. ಇವರನ್ನು ಕೇಳದೆ ಮಾಡಿದೆ.

"ಅಮ್ಮ, ನನ್ನ ಕೈ ಒಬ್ಬರ ಬಾಯೊಳಗಿದೆ, ಬೇಗ ಹೇಳಿ."

"ಹೊಟ್ಟೆಪಟ್ಟಿ ದಾರ ಸರಿಯಿಲ್ಲ ಡಾಕ್ಟ್ರೇ."

"ನಮ್ಮ ಸಾಹೇಬ್ರು ಗಾಜು ಹಿಡಿದು ನೋಡಿ ಪಾಸ್ ಮಾಡಿದಾರಲ್ಲ?"

"ಅವರು ನೋಡಿದ್ದು ಹಳೇದಾ ಅಂತ. ಗಟ್ಟಿನಾ ಅಂತ ನೋಡ್ಲಿಲ್ಲ."

ಆ ಕಡೆ ಯಾರೋ ಗೊರಗೊರ ಅಂದರು. ಡಾಕ್ಟರು ನಿಟ್ಟುಸಿರು ಬಿಟ್ಟರು. "ಹೋದ ವರ್ಷ ಮದ್ದಿನ ಹೊಗೆಗೆ ಕುದುರೆ ಕಣ್ಣು ಹೋಗುತ್ತೆ ಅಂತ ಫೋನ್ ಮಾಡಿದ್ರಿ. ಅದರ ಹಿಂದಿನ ವರ್ಷ ಕತ್ತಿಗೆ ಸಿಡಿಲು ಹೊಡೆಯುತ್ತೆ ಅಂತ. ಯಜಮಾನ್ರು ಏನಂತಾರೆ? ಅವರು ಹೂಂ ಅಂದ್ರೆ ನೋಡೋಣ, ಆಯ್ತಾ?"

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಎಲ್ಲದಕ್ಕೂ ಹೆದರಿ ಹೆದರಿ ನನ್ನ ಭಯವನ್ನು ನಾನೇ ಸವೆಸಿಬಿಟ್ಟಿದ್ದೇನೆ. ಈಗ ನಿಜವಾಗಿ ಬೇಕಾದಾಗ ಸವೆದ ನಾಣ್ಯದ ಹಾಗೆ, ಎಲ್ಲೂ ಓಡುತ್ತಿಲ್ಲ.

ಒಂದು ವೇಳೆ ಇದೂ ಹಾಗೆಯೇ ಆಗಿದ್ದರೆ? ಪಟ್ಟಿಗಳೆಲ್ಲ ಚೆನ್ನಾಗಿಯೇ ಇದ್ದು, ಬರೀ ಬೇಕರಿಯವನದ್ದೇ ಕೆಟ್ಟಿದ್ದರೆ? ಅದನ್ನು ಕೈಯಲ್ಲಿ ಹಿಡಿದು ನೋಡದೆ ಹೇಗೆ ಹೇಳಲಿ. ಎಲ್ಲ ಲಾಯದ ಉಗ್ರಾಣದಲ್ಲಿವೆ. ಬರುವ ಭಾನುವಾರವೇ ಕದನ.

ಏಪ್ರಿಲ್ ೩೦, ಬುಧವಾರ

ಏನೂ ಬರೆಯಲು ಆಗುತ್ತಿಲ್ಲ. ಇವರು ಮಾತು ಬಿಟ್ಟಿದ್ದಾರೆ.

ಮೇ ೨, ಶುಕ್ರವಾರ

ಬೆಳಿಗ್ಗೆ ಎದ್ದು ಚಿಕ್ಕ ಚಾಕು, ಹೊಸ ದಾರದ ಡಬ್ಬಿ, ಸೂಜಿ, ಮೇಣ ಎಲ್ಲ ಚೀಲಕ್ಕೆ ಹಾಕಿಕೊಂಡೆ. ನಾದಿನಿ ಕೋಟಿನ ಗುಂಡಿ ಹೊಲಿಯುತ್ತಿದ್ದವಳು ತಲೆಯೆತ್ತಿದಳು.

"ಎಲ್ಲಿಗೆ ಅತ್ತಿಗೆ?"

"ಲಾಯಕ್ಕೆ. ಎಲ್ಲ ಪಟ್ಟಿ ಬಿಚ್ಚಿಹಾಕ್ತೀನಿ. ಬಿಚ್ಚಿದ ಮೇಲೆ ಹೇಗೆ ಕಟ್ತಾರೋ ನೋಡ್ತೀನಿ."

ಅವಳು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ತಡೀರಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ" ಅಂದಳು.

ಉಗ್ರಾಣದ ಬೀಗದ ಕೈ ಮಗಳ ಹತ್ತಿರವಿತ್ತು. ಕೊಟ್ಟಳು, ಏನೂ ಕೇಳಲಿಲ್ಲ. ಒಳಗೆ ಕಾದ ತಗಡಿನ ವಾಸನೆ, ಚರ್ಮದ ವಾಸನೆ, ಕುದುರೆಯ ವಾಸನೆ. ಗೋಡೆಯುದ್ದಕ್ಕೂ ಗೂಟಗಳಲ್ಲಿ ಪಟ್ಟಿಗಳು ಸಾಲಾಗಿ ನೇತಾಡುತ್ತಿದ್ದವು, ನೋಡಲು ಎಷ್ಟು ಚೆಂದ. ಮೊದಲನೆಯದನ್ನು ತೆಗೆದೆ. ಹೊಲಿಗೆಯ ಕೆಳಗೆ ಚಾಕುವಿನ ಮೊನೆ ತೂರಿಸಿ ಎತ್ತಿದೆ. ಕೈಗೆ ಏನೂ ತಡೆಯೇ ಸಿಗಲಿಲ್ಲ. ಎರಡನೆಯದಕ್ಕೆ ಚಾಕು ಕೆಳಗಿಟ್ಟು, ಮಡಿಕೆಯೊಳಗೆ ಹೆಬ್ಬೆರಳು ತೂರಿಸಿ ಅಗಲಿಸಿದೆ. ಬಟಾಣಿ ಸಿಪ್ಪೆಯ ಹಾಗೆ ಬಿಚ್ಚಿಕೊಂಡಿತು. ಬಕಲ್ಲು ಕೆಳಗೆ ಬಿದ್ದು ಉರುಳಿತು.

ಚಾಕು ಬೇಕಾಗಲೇ ಇಲ್ಲ.

"ಅಯ್ಯೋ ದೇವ್ರೇ" ಅಂದಳು ನಾದಿನಿ, ಅಷ್ಟೇ. ಬಿದ್ದ ಬಕಲ್ಲನ್ನು ಹೆಕ್ಕಿಟ್ಟು, ಮುಂದಿನ ಪಟ್ಟಿ ತೆಗೆದುಕೊಟ್ಟಳು.

ಐದನೆಯದೋ ಆರನೆಯದೋ ಬಿಚ್ಚುತ್ತಿದ್ದಾಗ ಬಾಗಿಲಲ್ಲಿ ಭೂತಗನ್ನಡಿ ನಿಂತಿದ್ದರು. ಗುಂಡಿ ಎಣಿಸಲು ಬಂದಿದ್ದರಂತೆ.

"ಏನಮ್ಮಾ ಮಾಡ್ತಿದೀರಿ! ನಾನು ಪಾಸ್ ಮಾಡಿದ್ದನ್ನ ಮುಟ್ಟೋಕೆ ಯಾರು ಹೇಳಿದ್ರು ನಿಮಗೆ?"

ಒಂದು ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. "ಎಳೀರಿ ಸಾರ್."

"ನಾನ್ಯಾಕೆ ಎಳೀಲಿ?"

"ಎಳೀರಿ."

ಎಳೆದರು. ಚರಚರ ಎಂದು ಆ ತುದಿಯಿಂದ ಈ ತುದಿಯವರೆಗೆ ಬಾಯಿಬಿಟ್ಟಿತು. ಅವರು ಜೇಬಿನಿಂದ ಗಾಜು ತೆಗೆದರು, ಕಣ್ಣಿನವರೆಗೆ ಒಯ್ದರು, ಮತ್ತೆ ಜೇಬಿಗೆ ಹಾಕಿಕೊಂಡರು. ಒಂದು ಜೀನಿನ ಮೇಲೆ ಅಡ್ಡಡ್ಡ ಕೂತುಬಿಟ್ಟರು. "ಬೆಲೆಬಾಳೋ ವಸ್ತು ಅಂತ ಜೋರಾಗಿ ಮುಟ್ಟಲೂ ಇಲ್ಲ ನಾನು" ಅಂದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ದಳಪತಿಗೆ ಯಾರು ಹೇಳೋದು?"

"ನಾನು ಹೇಳ್ತೀನಿ" ಅಂದೆ.

ಸಂಜೆ ಕೊನೆಯ ಅಭ್ಯಾಸಕ್ಕೆ ಎಲ್ಲರೂ ಬಂದರು. ಕೆಲಸದ ಬಟ್ಟೆಯಲ್ಲೇ ಇದ್ದರು, ಡಾಕ್ಟರ ಬಿಳಿ ಕೋಟಿನಲ್ಲಿ ಇನ್ನೂ ಔಷಧಿ ವಾಸನೆಯಿತ್ತು. ಬಿಚ್ಚಿದ ಪಟ್ಟಿಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದ್ದೆವು. ಎಲ್ಲ ಹೇಳಿದೆ. ಡಾಕ್ಟರು ಬಗ್ಗಿ ಒಂದನ್ನು ಎತ್ತಿದರು, ಎರಡನ್ನು ಎತ್ತಿದರು. ಅವರ ಮುಖದ ಬಣ್ಣ ಇಳಿಯಿತು.

"ಒಂದೂ ಸರಿ ಇಲ್ವಾ?"

ಇಲ್ಲ ಅಂದುಬಿಡಬಹುದಿತ್ತು.

"ಒಂದು ಗಟ್ಟಿ ಇದೆ" ಅಂದೆ. "ನನ್ನ ಮಗಳದ್ದು. ಅದನ್ನ ನಾನು ಆಗಲೇ ಬೇರೆ ದಾರದಲ್ಲಿ ಹೊಲಿದಿದ್ದೆ."

ಹೊರಗೆ ಒಂದು ಕುದುರೆ ಕಾಲು ಕುಟ್ಟಿತು.

"ನಂದು?" ಅಂದ ಬೇಕರಿಯವನು.

"ನಿಮ್ಮದನ್ನ ಅದೇ ಹಳೇ ದಾರದಲ್ಲೇ ಮತ್ತೆ ಹೊಲಿದೆ."

ಅವನ ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು. ನನ್ನನ್ನೇ ನೋಡಿದಳು. ನಾನೂ ಅವಳ ಮುಖವನ್ನೇ ನೋಡುತ್ತಾ ನಿಂತೆ, ಬೇರೆಲ್ಲಿ ನೋಡಬೇಕೋ ತೋಚಲಿಲ್ಲ.

ಡಾಕ್ಟರು ಕೇಳಿದರು, "ಈಗ ಕೂತ್ರೆ ಭಾನುವಾರದೊಳಗೆ ಎಷ್ಟು ಆಗುತ್ತೆ?"

"ತೂತು ಹಾಗೇ ಇದಾವೆ, ಬೇಗ ಆಗುತ್ತೆ. ಆದರೂ ಎಲ್ಲ ಆಗಲ್ಲ."

"ಮಿಕ್ಕವರು?"

"ನಡೀತಾರೆ."

"ಕುದುರೆ ಪಡೆ ಅಮ್ಮ ಇದು!"

"ನಡೆದುಕೊಂಡು ಹೋದೋರು ನಡೆದುಕೊಂಡು ಮನೆಗೆ ಬರ್ತಾರೆ ಡಾಕ್ಟ್ರೇ. ಮೊದಲನೇದು ಬೇಕರಿ ಅಣ್ಣಂದು ಹೊಲೀತೀನಿ. ಬೆಳಕಿರೋ ಕಡೆ ಒಂದು ಬೆಂಚು ಹಾಕಿಕೊಡಿ."

ಮೇ ೩, ಶನಿವಾರ

ಬೆರಳುಗಳು ಮಡಚುತ್ತಿಲ್ಲ, ಕಡಿಮೆ ಬರೆಯುತ್ತೇನೆ.

ಬೆಳಿಗ್ಗೆ ಲಾಯಕ್ಕೆ ಹೋದರೆ ಬೆಂಚಿನ ಮೇಲೆ ನನಗಿಂತ ಮೊದಲು ಇವರು ಕೂತಿದ್ದರು. ಬಿಚ್ಚಿದ ಪಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಉಳಿದಿದ್ದ ಹೊಲಿಗೆಯನ್ನು ಎಡಗೈ ಉಗುರಿನಿಂದ ಕೀಳುತ್ತಿದ್ದರು. ಅದು ಪುಡಿಪುಡಿಯಾಗಿ ಉದುರುತ್ತಿತ್ತು. ನನ್ನ ಕಡೆ ನೋಡಲಿಲ್ಲ. ಆಮೇಲೆ ಮೇಣದ ಉಂಡೆಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಹೊಸ ದಾರ ತೀಡಿ ತೀಡಿ ಕೊಡುತ್ತಾ ಹೋದರು. ಸಂಜೆಯವರೆಗೂ ಕೊಟ್ಟರು. ನಾದಿನಿ ತೂತು ಬಿಡಿಸಿಕೊಟ್ಟಳು. ಬೇಕರಿಯವನ ಹೆಂಡತಿ ಒಂದು ಬುಟ್ಟಿ ಬನ್ನು ತಂದು ಬೆಂಚಿನ ತುದಿಯಲ್ಲಿಟ್ಟು, ನಿಲ್ಲದೆ ಹೋದಳು. ಬನ್ನು ಇನ್ನೂ ಬಿಸಿಯಿತ್ತು.

ಭೂತಗನ್ನಡಿ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಸಿ ದಾರಕ್ಕೆ ಬಣ್ಣ ಕಟ್ಟಿದರು. ಸ್ವಲ್ಪ ಕೆಂಪು ಹೆಚ್ಚಾಯಿತು.

"ಇರ್ಲಿ ಬಿಡಿ" ಅಂದರು. "ದೂರದಿಂದ ಯಾರಿಗೆ ಕಾಣುತ್ತೆ?"

ನಾದಿನಿ ನನ್ನ ಕಾಲು ತುಳಿದಳು.

ಮೇ ೪, ಭಾನುವಾರ

ಬೆಳಿಗ್ಗೆ ಕೊನೆಯದನ್ನು ಹೊಲಿದಾಗ ಮಗಳದ್ದೂ ಸೇರಿ ಹದಿನಾಲ್ಕು ಆಗಿದ್ದವು. ಹತ್ತು ಜನ ಕುದುರೆ ಇಲ್ಲದೆ ಉಳಿದರು. ಅಂಚೆಯವನು ಸಿಟ್ಟಿನಿಂದ ಟೋಪಿ ನೆಲಕ್ಕೆ ಬಡಿದ. ಅವನ ಸಿಟ್ಟು ನ್ಯಾಯವಾದದ್ದೇ.

ಈ ವರ್ಷ ನಾನು ಬಯಲಿಗೆ ಹೋದೆ. ಪಟ್ಟಿ ಬಿಗಿಯುವಾಗ ಪ್ರತಿ ಕುದುರೆಯ ಹತ್ತಿರವೂ ಹೋಗಿ ತುದಿ ಹಿಡಿದು ಜಗ್ಗಿದೆ. ಒಂದು ಬೂದು ಕುದುರೆ ನನ್ನ ಸ್ವೆಟರಿನ ತೋಳು ಜಗಿಯಿತು. ಮಗಳ ಮೀಸೆ ಒಂದು ಕಡೆ ಅಂಟು ಬಿಟ್ಟಿತ್ತು, ಎಂಜಲು ಹಚ್ಚಿ ಒತ್ತಿದೆ. "ಅಮ್ಮಾ, ಎಲ್ಲರೂ ನೋಡ್ತಿದಾರೆ" ಅಂದಳು, ಗಂಡುದನಿಯಲ್ಲಿ.

ಕಹಳೆ ಊದಿದರು. ದಿಬ್ಬದ ಮೇಲೆ ಮೊದಲು ಟೋಪಿಗಳು ಕಂಡವು, ಆಮೇಲೆ ಕುದುರೆಗಳ ಕಿವಿ. ಮೊದಲು ನಡಿಗೆ, ಆಮೇಲೆ ಜಗ್ಗುನಡಿಗೆ, ಆಮೇಲೆ ಡಾಕ್ಟರ ಕತ್ತಿ ಕೆಳಗೆ ಬಂತು, ಹದಿನಾಲ್ಕೂ ಕುದುರೆ ಒಟ್ಟಿಗೆ ಓಟ ಕಿತ್ತವು. ನಿಂತ ನೆಲ ಅದುರಿದ್ದು ಪಾದಕ್ಕೆ ಗೊತ್ತಾಗುತ್ತಿತ್ತು. ಎಲ್ಲರೂ ಕತ್ತಿ, ಮೀಸೆ, ಗರಿ ನೋಡುತ್ತಿದ್ದರು. ನಾನು ಹೊಟ್ಟೆಪಟ್ಟಿ ನೋಡುತ್ತಿದ್ದೆ.

ಅರ್ಧ ಇಳಿಜಾರಿಗೆ ಫಿರಂಗಿ ಹಾರಿತು. ಬೇಕರಿಯವನ ಕುದುರೆ ಬೆಚ್ಚಿ ಅಡ್ಡಕ್ಕೆ ಹಾರಿತು. ಅವನ ಒಂದು ಕಾಲು ಪಾದ ಊರುವ ರಿಕಾಬಿನಿಂದ ಕಳಚಿತು, ಮನುಷ್ಯ ಪೂರ್ತಿ ಎಡಕ್ಕೆ ವಾಲಿ ಜೀನಿನ ಅಂಚನ್ನು ಹಿಡಿದು ನೇತಾಡಿದ. ಅವನ ಇಡೀ ಭಾರ ಆ ಒಂದು ಪಟ್ಟಿಯ ಮೇಲಿತ್ತು. ಅವನ ಹಿಂದೆ ಐದು ಕುದುರೆಗಳಿದ್ದವು, ಒಂದರ ಮೇಲೆ ನನ್ನ ಮಗಳು. ಪಕ್ಕದಲ್ಲಿ ನಾದಿನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಜೀನು ಒಂದಿಷ್ಟು ಓರೆಯಾಯಿತು.

ಅಲ್ಲಿಂದ ಮುಂದೆ ಜಾರಲಿಲ್ಲ.

ಅವನು ಕುತ್ತಿಗೆಕೂದಲು ಹಿಡಿದು, ಒದ್ದಾಡಿ, ಮೇಲೆ ಬಂದು ಕೂತ. ಕತ್ತಿ ಎಲ್ಲೋ ಬಿದ್ದುಹೋಗಿತ್ತು, ಬರೀ ಮುಷ್ಟಿ ಎತ್ತಿ ಕಿರುಚುತ್ತಾ ಹೋದ. ಜನ ಚಪ್ಪಾಳೆ ತಟ್ಟಿದರು, ಬೇಕೆಂದೇ ಮಾಡಿದ್ದು ಅಂದುಕೊಂಡು. ಹಿಂದೆ ಹತ್ತು ಜನ ಉದ್ದ ಬೂಟು ಹಾಕಿಕೊಂಡು ಎಡವುತ್ತಾ ಓಡಿ ಬಂದರು. ಕುದುರೆ ಎಲ್ಲಿ ಎಂದು ಮುಂದೆ ನಿಂತಿದ್ದ ಒಬ್ಬರು ಕೇಳಿದರು. "ಹಿಂದಿನ ದಿನದ ಕಾಳಗದಲ್ಲಿ ಕಳಕೊಂಡ್ರು" ಅಂದರು ಭೂತಗನ್ನಡಿ, ಮುಖ ಕೂಡ ತಿರುಗಿಸದೆ.

ಕಣ್ಣು ಉರಿಯುತ್ತಿದೆ. ರೆಪ್ಪೆ ಬಡಿಯದೆ ನೋಡಿದೆನೋ ಏನೋ.

ಬೇಕರಿಯವನ ಹೆಂಡತಿ ಜನರ ನಡುವೆ ನುಗ್ಗಿ ಬಂದು ನನ್ನ ಕೈ ಹಿಡಿದಳು. ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಸೂಜಿ ಚುಚ್ಚಿದ ಗಾಯಗಳೆಲ್ಲ ಒಟ್ಟಿಗೆ ಕೂಗಿದವು. "ಇನ್ನೂ ಸಿಟ್ಟಿದೆ ನಿಮ್ಮ ಮೇಲೆ" ಅಂದಳು. "ಇರ್ಲಿ" ಅಂದೆ. ಆದರೂ ಅವಳು ಕೈ ಬಿಡಲಿಲ್ಲ.

ಮೇ ೧೨, ಸೋಮವಾರ

ಬಹಳ ದಿನದಿಂದ ಬರೆದಿರಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಹಳೇ ದಾರದ ಪೆಟ್ಟಿಗೆಯನ್ನು ಭೂತಗನ್ನಡಿ ಕೇಳಿ ತೆಗೆದುಕೊಂಡು ಹೋದರು. ಗಾಜಿನೊಳಗೆ ಇಡಿಸುತ್ತಾರಂತೆ, ಅದು ಇರಬೇಕಾದ ಜಾಗ ಅದೇ ಅಂದರು. ಇವರು ಒಂದು ಉಂಡೆ ಮಾತ್ರ ಉಳಿಸಿಕೊಂಡರು. ಆಗಾಗ ಮೂಸುತ್ತಾರೆ. ಮೂಸಲಿ.

ಉಳಿದ ಹತ್ತು ಪಟ್ಟಿ ಹೊಲಿಯುತ್ತಿದ್ದೇನೆ. ಮೊದಲನೆಯದು ಅಂಚೆಯವನದ್ದು. ಡಾಕ್ಟರು ಎರಡು ಸಲ ಫೋನ್ ಮಾಡಿದರು. ರಿಕಾಬಿನ ಪಟ್ಟಿ ಸರಿಯಿದೆಯೇ, ಲಗಾಮು ಸರಿಯಿದೆಯೇ, ಒಂದು ಸಲ ಬಂದು ಜಗ್ಗಿ ನೋಡುತ್ತೀರಾ ಎಂದು. ಎಂಥ ಪುಕ್ಕಲು ಮನುಷ್ಯ. ನಾದಿನಿ ಅಸ್ತರಿಗೆ ಯಾವ ದಾರ ಹಾಕಲಿ ಅಂತಾಳೆ. ಇವರಂತೂ ಇವತ್ತು ಚಹಾ ಕುಡಿಯುತ್ತಾ, "ಮುಂದಿನ ವರ್ಷಕ್ಕೆ ಚರ್ಮ ಎಲ್ಲಿಂದ ತರಿಸೋಣ, ನೀನೇ ಹೇಳೇ" ಅಂದರು. ಇವರಿಗೆಲ್ಲ ಏನಾಗಿದೆಯೋ, ಎದ್ದರೆ ಬಿದ್ದರೆ ನನ್ನನ್ನೇ ಕೇಳುತ್ತಾರೆ. ನನಗೂ ಕೆಲಸವಿರುತ್ತದೆ.

ಹಿತ್ತಲ ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ಎದ್ದು ನೋಡಬೇಕು. ಆದರೆ ಈಗಷ್ಟೇ ಕಾಲು ಚಾಚಿದ್ದೇನೆ, ತೊಡೆಯ ಮೇಲೆ ಪಟ್ಟಿಯಿದೆ, ಇನ್ನು ನಾಲ್ಕು ಹೊಲಿಗೆಗೆ ಈ ತುದಿ ಮುಗಿಯುತ್ತದೆ.

ಹಾಕಿರುತ್ತೇನೆ ಬಿಡು.